ಹೋಗದ ಊರಿನ ಟಿಕೆಟ್

ಬ್ರಿಸ್ಟಲ್ ವಿಮಾನ ನಿಲ್ದಾಣದ ತಪಾಸಣೆ ಸಾಲಿನಲ್ಲಿ ನಿಂತಾಗ ಗೆತಿನ್ ಮೈಮೇಲೆ ಎರಡು ಪ್ಯಾಂಟು, ಮೂರು ಅಂಗಿ, ಮದುವೆಯ ಕೋಟು, ಅದರ ಮೇಲೊಂದು ಮಳೆಯಂಗಿ ಇದ್ದವು. ಜೇಬುಗಳಲ್ಲಿ ಕಾಲುಚೀಲ, ಹಲ್ಲುಜ್ಜುವ ಬ್ರಷ್ಷು, ಟೈ. ಬೆನ್ನು ಬೆವರಿನಿಂದ ತೊಯ್ದಿತ್ತು. ದುಡ್ಡು ಕೊಡದೆ ಒಯ್ಯಬಹುದಾದ ಒಂದೇ ಸಣ್ಣ ಬ್ಯಾಗಿನಲ್ಲಿ ಇದ್ದದ್ದು ಒಂದೇ ವಸ್ತು, ಕೇಕ್.

ಯಂತ್ರದ ಹಿಂದೆ ಕೂತಿದ್ದವನು ಬ್ಯಾಗನ್ನು ಪಕ್ಕಕ್ಕೆ ಎಳೆದ.

"ಏನಯ್ಯಾ ಇದು, ಕಲ್ಲಾ?"

"ಕೇಕ್. ಅಕ್ಕನ ಮದುವೆಗೆ."

"ಇಷ್ಟು ಗಟ್ಟಿ ಕೇಕಾ? ಪರದೆ ಮೇಲೆ ಇಟ್ಟಿಗೆ ಥರ ಕಾಣ್ತಿದೆ." ಅವನು ಡಬ್ಬಿಯ ಮುಚ್ಚಳ ತೆಗೆದು ಮೂಗು ಹತ್ತಿರ ತಂದ. ಮುಖ ಸಡಿಲವಾಯಿತು. "ಆಹಾ, ಬ್ರಾಂದಿ! ಯಾರು ಮಾಡಿದ್ದು?"

"ಅಮ್ಮ."

"ಪುಣ್ಯವಂತ ಕಣೋ ನೀನು. ಹೋಗು ಹೋಗು."

ಮೂರು ತಿಂಗಳಿಂದ ಆ ಹಣ್ಣಿನ ಕೇಕಿಗೆ ವಾರಕ್ಕೊಮ್ಮೆ ಚಮಚದಲ್ಲಿ ಬ್ರಾಂದಿ ಕುಡಿಸಿ ಬೆಳೆಸಿದವಳು ಅವನ ಅಮ್ಮ ಗ್ವೆನ್‌ಲಿಯನ್. ಆದರೆ ಮದುವೆಗೆ ಅವಳು ಬರುತ್ತಿರಲಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಸೋಮವಾರ ಬೆಳಿಗ್ಗೆ ಪುರಸಭೆಯವರು ಬಿಟ್ಟಿಯಾಗಿ ಮದುವೆ ಮಾಡಿಸುತ್ತಾರೆ. ಹತ್ತು ನಿಮಿಷದ ಕೆಲಸ, ಹೂವಿಲ್ಲ, ಭಾಷಣವಿಲ್ಲ. ಅಕ್ಕ ನೆರಿಸ್ ಮತ್ತು ಅವಳ ಹುಡುಗ ವೌಟರ್ ಅದನ್ನೇ ಹಿಡಿದಿದ್ದರು. ಅಮ್ಮ ಫೋನಿನಲ್ಲಿ "ಬಿಟ್ಟಿ ಮದುವೆಗೆ ಬಿಟ್ಟಿ ಜನಾನೇ ಕರ್ಕೋ" ಅಂದಿದ್ದಳು. ನೆರಿಸ್ ಫೋನ್ ಇಟ್ಟುಬಿಟ್ಟಿದ್ದಳು. ಆಮೇಲೆ ಇಬ್ಬರ ನಡುವೆ ಮಾತಿಲ್ಲ. ಅಮ್ಮ ಕ್ಷಮೆ ಕೇಳುವವಳಲ್ಲ. ಕೇಕ್ ಮಾಡಿದಳು.

"ಯಾರು ಕೊಟ್ಟಿದ್ದು ಅಂತ ಹೇಳ್ಬೇಡ," ಅಂದಿದ್ದಳು ನ್ಯೂಪೋರ್ಟಿನ ಅಡುಗೆಮನೆಯಲ್ಲಿ ಡಬ್ಬಿಗೆ ದಾರ ಕಟ್ಟುತ್ತ. "ತಿಂದ್ರೆ ಗೊತ್ತಾಗತ್ತೆ ಅವಳಿಗೆ. ಕೈ ಬಿಡಬೇಡ ಇದನ್ನ. ತಗೋ, ನೇರ ಹೋಗೋ ವಿಮಾನಕ್ಕೆ ದುಡ್ಡು. ನಿನ್ನ ಕಳ್ಳ ಟಿಕೆಟ್ ಆಟ ಈ ಸಲ ಬೇಡ."

ಗೆತಿನ್ ದುಡ್ಡನ್ನು ಜೇಬಿಗಿಳಿಸಿ ಅದೇ ಆಟ ಆಡಿದ. ಅದು ಆಸೆಬುರುಕತನವೂ ಅಲ್ಲ. ಕೇಳಿದ ಬೆಲೆ ಕೊಡುವುದೆಂದರೆ ಅವನಿಗೆ ಕಪಾಳಕ್ಕೆ ಹೊಡೆಸಿಕೊಂಡ ಹಾಗೆ. ವಾರಗಟ್ಟಲೆ ಫೋನು ಕೆದಕಿ ಅವನು ಕಂಡುಕೊಂಡದ್ದು ಇಷ್ಟು: ಬ್ರಿಸ್ಟಲ್‌ನಿಂದ ಆಮ್‌ಸ್ಟರ್‌ಡ್ಯಾಮಿಗೆ ಟಿಕೆಟ್ ದುಬಾರಿ, ಅದೇ ವಿಮಾನದಲ್ಲಿ ಹೋಗಿ, ಆಮ್‌ಸ್ಟರ್‌ಡ್ಯಾಮಿನಲ್ಲಿ ಇನ್ನೊಂದು ಹತ್ತಿ, ನಾರ್ವೆಯ ಬೆರ್ಗೆನ್ ತಲುಪುವ ಟಿಕೆಟ್ ಅದರ ಅರ್ಧ. ಹಾಗಾಗಿ ಬೆರ್ಗೆನ್‌ಗೆ ತೆಗೆಯುವುದು, ನಡುವೆ ಇಳಿದು ಹೊರಗೆ ನಡೆಯುವುದು. ವಿಮಾನದವರಿಗೆ ಇದು ಆಗಿಬರದು, ಗೊತ್ತಾದರೆ ದಂಡ ಹಾಕುತ್ತಾರೆ. ಬಾಯಿ ಮುಚ್ಚಿಕೊಂಡಿರಬೇಕು, ಬ್ಯಾಗು ಕೈಯಲ್ಲೇ ಇರಬೇಕು. ಈ ಆಟದಿಂದ ಅವನು ಅರ್ಧ ಯುರೋಪು ಸುತ್ತಿದ್ದ. ಅವನು ಕಾಲಿಡದ ಊರುಗಳ ಟಿಕೆಟ್‌ಗಳು ಫೋನಿನ ತುಂಬ ಇದ್ದವು.

ಹತ್ತುವ ಬಾಗಿಲಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ಚೀಟಿಯ ಸುರುಳಿ ಹಿಡಿದು ನಿಂತಿದ್ದಳು.

"ಸಣ್ಣ ವಿಮಾನ, ಮೇಲೆ ಜಾಗ ಇಲ್ಲ. ನಿಮ್ಮ ಬ್ಯಾಗ್ ಕೆಳಗೆ ಹೋಗತ್ತೆ."

"ಎಷ್ಟು ಕೊಡ್ಬೇಕು?" ಗೆತಿನ್ ಜಗಳಕ್ಕೆ ಸಿದ್ಧನಾಗಿಯೇ ಕೇಳಿದ.

"ಏನೂ ಇಲ್ಲ. ಬಿಟ್ಟಿ."

ಆ ಮಾತು ಕೇಳಿದ್ದೇ ಅವನ ಕೈ ಸಡಿಲವಾಯಿತು. ಸಣ್ಣ ವಿಮಾನಗಳಲ್ಲಿ ಅವನು ಎಷ್ಟೋ ಸಲ ಹೀಗೆ ಮೆಟ್ಟಿಲ ಬಳಿ ಬ್ಯಾಗು ಕೊಟ್ಟು, ಇಳಿದಾಗ ಮೆಟ್ಟಿಲ ಬಳಿಯೇ ಎತ್ತಿಕೊಂಡಿದ್ದ. ಗಲಾಟೆ ಮಾಡಿದರೆ ನೂರೆಂಟು ಪ್ರಶ್ನೆ. ಹುಡುಗಿ ಚೀಟಿ ಕಟ್ಟಿ, ತುಂಡೊಂದನ್ನು ಅವನ ಕೈಗಿಟ್ಟಳು. ಓದದೆ ಜೇಬಿಗೆ ತುರುಕಿದ.

ವಿಮಾನ ಸಮುದ್ರದ ಮೇಲೆ ಬಂದಾಗ, ಕಾಲುಚೀಲಗಳ ನಡುವೆ ಪೆನ್ನು ಹುಡುಕುತ್ತಿದ್ದವನ ಕೈಗೆ ಆ ತುಂಡು ಸಿಕ್ಕಿತು. ಬೆರ್ಗೆನ್ ಎಂದು ದಪ್ಪ ಅಕ್ಷರಗಳಲ್ಲಿತ್ತು.

ಅವನು ಎದ್ದ. ಸೀಟುಪಟ್ಟಿ ಹಾಕಿಕೊಳ್ಳಿ ಅಂದರು, ಕೂತ. ಮತ್ತೆ ಎದ್ದ.

"ಬಾಗಿಲಲ್ಲಿ ಕೊಟ್ಟ ಬ್ಯಾಗ್ ಆಮ್‌ಸ್ಟರ್‌ಡ್ಯಾಮಿನಲ್ಲಿ ಕೈಗೆ ಕೊಡ್ತೀರಾ?"

ಕಾಫಿ ಕೊಡುತ್ತಿದ್ದವನು ಚೀಟಿ ನೋಡಿದ. "ನೇರ ಬೆರ್ಗೆನ್‌ಗೆ ಹೋಗತ್ತೆ ಸರ್. ನೀವೂ ಅಲ್ಲಿಗೇ ತಾನೆ?"

"ಹೂಂ. ಹೌದು. ಅಲ್ಲಿಗೇ."

"ಮತ್ತೆ ಯಾಕೆ ಯೋಚನೆ?"

ಪಕ್ಕದ ಸೀಟಿನ ಹೆಂಗಸು ಅವನ ಮೂರು ಕಾಲರುಗಳನ್ನು ಒಂದೊಂದಾಗಿ ನೋಡಿ, ಮೊಣಕೈ ಎಳೆದುಕೊಂಡಳು. ಅವನಿಗೆ ಮಳೆಯಂಗಿ ಕಿತ್ತೆಸೆಯಬೇಕೆನಿಸಿತು. ಬಿಚ್ಚಿದರೆ ಇಡಲು ಜಾಗವಿರಲಿಲ್ಲ.

ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದವನೇ ವಿಚಾರಣೆಯ ಕೌಂಟರಿಗೆ ಓಡಿದ. ಅಲ್ಲಿದ್ದ ಹಿರಿಯ ಹೆಂಗಸು ಚೀಟಿ ನೋಡಿ, ಅವನನ್ನು ನೋಡಿ, ಎಲ್ಲ ಅರ್ಥವಾದವಳಂತೆ ಕನ್ನಡಕ ತೆಗೆದಳು.

"ನೀವು ಹತ್ತದಿದ್ರೆ ಬ್ಯಾಗೂ ಹತ್ತಲ್ಲ. ಇಳಿಸಿ ಕೆಳಗೆ ಗೋದಾಮಿಗೆ ಹಾಕ್ತಾರೆ."

"ಸರಿ, ಗೋದಾಮಿನಿಂದ ತಗೋತೀನಿ."

"ಎರಡು ದಿನ ಆಗತ್ತೆ. ಮೂರೂ ಆಗಬಹುದು. ರಾಶಿ ಬಿದ್ದಿದೆ ಅಲ್ಲಿ."

"ಇವತ್ತು ಮದುವೆ ರೀ!"

"ಇವತ್ತೇ ಬೇಕಾದ್ರೆ ಒಂದೇ ದಾರಿ ಕಣಪ್ಪ. ಟಿಕೆಟ್ ತಗೊಂಡಿದ್ದೀಯಲ್ಲ ಬೆರ್ಗೆನ್‌ಗೆ, ಹೋಗು. ಮಧ್ಯಾಹ್ನಕ್ಕೆ ಬ್ಯಾಗ್ ಕೈಯಲ್ಲಿರತ್ತೆ. ಸಂಜೆ ವಿಮಾನಕ್ಕೆ ವಾಪಸ್ ಬಾ." ಅವಳು ಚೀಟಿ ಹಿಂದಿರುಗಿಸಿದಳು. "ಸಂಜೆಯದು ಅಗ್ಗ ಏನಿಲ್ಲ, ಹೇಳ್ತೀನಿ."

ಎಡಕ್ಕೆ ಹೊರಹೋಗುವ ದಾರಿ, ರೈಲು, ಅಕ್ಕನ ಮದುವೆ. ಬಲಕ್ಕೆ ಬೆರ್ಗೆನ್. ಗೆತಿನ್ ಎಡಕ್ಕೆ ನಾಲ್ಕು ಹೆಜ್ಜೆ ಹಾಕಿದ, ತಿರುಗಿದ, ಮತ್ತೆ ಎಡಕ್ಕೆ ಹೋದ. ಕೊನೆಗೆ ಕಂಬವೊಂದಕ್ಕೆ ಒರಗಿ ನೆರಿಸ್‌ಗೆ ಫೋನ್ ಮಾಡಿದ.

"ಬಂದ್ಯಾ? ಎಲ್ಲಿದ್ದೀಯ?" ಹಿಂದೆ ಯಾರೋ ನಗುತ್ತಿದ್ದರು.

"ಬಂದಿದ್ದೀನಿ. ಒಂದು ಎಡವಟ್ಟಾಗಿದೆ."

"ಅಯ್ಯೋ ನಿನ್ನ! ಯಾವ ಊರಲ್ಲಿ ಇಳಿದಿದ್ದೀಯೋ ಈ ಸಲ? ಅಗ್ಗದ ಟಿಕೆಟ್ ತೆಗೆದು, ಪ್ಯಾರಿಸ್ ಅಂತ ಹೇಳಿ ನನ್ನನ್ನ ಯಾವ್ದೋ ಬೀಟ್‌ರೂಟ್ ಹೊಲದಲ್ಲಿ ಇಳಿಸಿದ್ದೆಯಲ್ಲ, ಹಾಗಾ?"

"ಊರು ಸರಿಯಾಗಿದೆ. ಬ್ಯಾಗ್ ಬೆರ್ಗೆನ್‌ಗೆ ಹೋಗ್ತಿದೆ."

"ಹೋಗ್ಲಿ ಬಿಡು. ವೌಟರ್‌ದು ಒಂದು ಅಂಗಿ ಕೊಡ್ತೀನಿ."

"ಅಂಗಿ ಎಲ್ಲ ಮೈಮೇಲೇ ಇದೆ. ಬ್ಯಾಗಲ್ಲಿರೋದು ಕೇಕ್."

"ಕೇಕಾ? ಇಲ್ಲೇ ಕೊಂಡ್ರಾಯ್ತು, ಬಾರೋ ಬೇಗ."

ಹೇಳಬೇಡ ಅಂದಿದ್ದಳು ಅಮ್ಮ. ಆದರೆ ಕೈ ಬಿಡಬೇಡ ಎಂದೂ ಅಂದಿದ್ದಳು, ಅದನ್ನು ಅವನು ಆಗಲೇ ಬಿಟ್ಟಾಗಿತ್ತು.

"ಅಮ್ಮ ಮಾಡಿದ್ದು," ಅಂದ.

ಆ ಕಡೆ ನಗು ದೂರವಾಯಿತು. ಬಾಗಿಲೊಂದು ಮುಚ್ಚಿದ ಸದ್ದು.

"ಹಣ್ಣಿನ ಕೇಕಾ?"

"ಹೂಂ. ಮೂರು ತಿಂಗಳಿಂದ ಬ್ರಾಂದಿ ಹಾಕ್ತಿದ್ಲು."

"ಮೂರು ತಿಂಗಳು," ಅಂದಳು ನೆರಿಸ್. ಜಗಳವಾಗಿ ಮೂರು ತಿಂಗಳ ಮೇಲೆ ಒಂದು ವಾರ ಆಗಿತ್ತು. "ಹೋಗು."

"ಎಲ್ಲಿಗೆ?"

"ಬೆರ್ಗೆನ್‌ಗೆ ಕಣೋ, ಮಂಕೆ!"

"ಮದುವೆಗೆ ಅಂತ ಬಂದಿದ್ದೀನಿ ನಾನು."

"ಹತ್ತು ನಿಮಿಷದ ಮದುವೆಗೆ ನೀನಿಲ್ದಿದ್ರೆ ಏನೂ ಕೊರತೆಯಿಲ್ಲ. ಸಂಜೆ ಮನೇಲಿ ಊಟ ಇದೆ. ನೀನು ಬರ್ದಿದ್ರೂ ಚಿಂತೆಯಿಲ್ಲ, ಕೇಕ್ ಬರ್ಬೇಕು. ಅದನ್ನ ಕೆಳಗೆ ಹಾಕಿದ್ರೆ ನಿನ್ನ ಮುಖ ನೋಡಲ್ಲ."

ಬೆರ್ಗೆನ್ ವಿಮಾನದ ಬಾಗಿಲಲ್ಲಿ ಅವನ ಟಿಕೆಟ್ಟಿಗೆ ಹಸಿರು ದೀಪ ಹತ್ತಿತು. ಇಂಥ ಟಿಕೆಟ್ಟಿನ ಎರಡನೇ ಅರ್ಧವನ್ನು ಅವನು ಬಳಸಿದ್ದು ಅದೇ ಮೊದಲು. ಸೀಟಿನಲ್ಲಿ ಕೂತು ಫೋನಿನಲ್ಲಿ ಸಂಜೆಯ ವಾಪಸು ಟಿಕೆಟ್ ಹುಡುಕಿದ. ಬೆಲೆ ನೋಡಿ ಮುಚ್ಚಿದ, ಮತ್ತೆ ತೆರೆದ. ನಾಳೆಯದು ಎಷ್ಟಿರಬಹುದು, ಓಸ್ಲೋ ಮೇಲೆ ಹೋದರೆ ಎಷ್ಟಾಗಬಹುದು ಎಂದು ಹೆಬ್ಬೆರಳು ತಾನಾಗಿಯೇ ತಡಕಾಡಿತು. ಅದನ್ನು ತಡೆದು ಅಮ್ಮ ಕೊಟ್ಟ ದುಡ್ಡಿಗೆ ತನ್ನದೂ ಸೇರಿಸಿ ಸಂಜೆಯ ಟಿಕೆಟ್ಟನ್ನೇ ಕೊಂಡ. ಬ್ಯಾಗು ಒಳಗೇ ಇಟ್ಟುಕೊಳ್ಳಲು ಹೆಚ್ಚಿನ ಹಣ ಕೊಡುವಿರಾ ಎಂದು ಫೋನು ಕೇಳಿತು. ಬೈದುಕೊಂಡು ಹೌದು ಎಂದು ಒತ್ತಿದ.

ಬೆರ್ಗೆನ್‌ನಲ್ಲಿ ಮಳೆ ಸುರಿಯುತ್ತಿತ್ತು. ತಿರುಗುವ ಪಟ್ಟಿಯ ಮೇಲೆ ಬ್ಯಾಗು ಪಕ್ಕಕ್ಕೆ ಮಲಗಿಕೊಂಡು ಬಂತು. ಅಲ್ಲೇ ನೆಲದ ಮೇಲೆ ಕೂತು ಡಬ್ಬಿ ಬಿಚ್ಚಿದ. ಮೇಲಿನ ಬಿಳಿ ಸಕ್ಕರೆ ಪದರದ ಒಂದು ಮೂಲೆ ಮುರಿದಿತ್ತು. ಉಳಿದದ್ದು ನಿಜಕ್ಕೂ ಇಟ್ಟಿಗೆಯೇ, ಏನೂ ಆಗಿರಲಿಲ್ಲ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು.

"ಕೊಟ್ಯಾ?" ಅಂದಳು ಅಮ್ಮ.

"ಸಂಜೆ ಕೊಡ್ತೀನಿ."

"ಯಾಕೆ ಸಂಜೆ? ಎಲ್ಲಿದ್ದೀಯ ನೀನು?"

"ಬೆರ್ಗೆನ್‌ನಲ್ಲಿ."

ಅಮ್ಮ ಉಸಿರೆಳೆದುಕೊಂಡಳು. ಬೈಗುಳ ಬರುತ್ತದೆ ಎಂದು ಅವನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದ.

"ಅವಳಿಗೆ ಗೊತ್ತಾ, ಕೇಕಿನ ವಿಷಯ?"

"ಹೇಳಿಬಿಟ್ಟೆ."

"ಏನಂದ್ಲು?"

"ಮದುವೆ ಬಿಟ್ಟು ಅದನ್ನ ತಗೊಂಡು ಬಾ ಅಂದ್ಲು."

ಆ ಕಡೆ ಅಡುಗೆಮನೆಯ ನಲ್ಲಿ ಸುರಿಯುವುದು ಕೇಳಿತು, ನಿಂತಿತು.

"ಮತ್ತೆ ಅಲ್ಲಿ ಕೂತ್ಕೊಂಡು ಏನ್ ಮಾಡ್ತಿದ್ದೀಯ?" ಅಂದಳು. "ಏಳು, ನಡಿ."