ಎಲ್ಲರೂ ಫೋನಿಡಿ

ಏಳನೇ ಲೈನಿನ ಹಿತ್ತಾಳೆ ಮುಚ್ಚಳ ಟಕ್ಕೆಂದು ಬಿತ್ತು, ಯಾರೋ ಕರೆಯುತ್ತಿದ್ದರು. ಥೋರಾ ಉಣ್ಣುತ್ತಿದ್ದ ಆಲೂಗಡ್ಡೆಯನ್ನು ತಟ್ಟೆಯಲ್ಲೇ ಬಿಟ್ಟು ಸ್ವಿಚ್‌ಬೋರ್ಡಿನ ಮುಂದೆ ಕೂತಳು. ಹಾಲ್ವಿಕ್ ಊರಿನ ಟೆಲಿಫೋನ್ ಆಪರೇಟರ್ ಅಂದರೆ ಅವಳೇ. ಕೆಲಸ, ಊಟ, ನಿದ್ದೆ ಎಲ್ಲ ಆ ಒಂದೇ ಕೋಣೆಯಲ್ಲಿ. ಸಸ್ಕಾಚೆವಾನ್ ಬಯಲಿನ ಹಿಮಗಾಳಿ ಹಿಂದಿನ ದಿನದಿಂದ ಒಂದೇ ಸಮನೆ ಬೀಸುತ್ತಿತ್ತು. ನಡುಮಧ್ಯಾಹ್ನದಲ್ಲೂ ಕಿಟಕಿಯಾಚೆ ಬೀದಿ ಕಾಣುತ್ತಿರಲಿಲ್ಲ, ಎದುರಿಗಿದ್ದ ಗೋಧಿ ಕಣಜವೂ ಕಾಣುತ್ತಿರಲಿಲ್ಲ.

"ಥೋರಾ, ನಾನು ರಗ್ನಾ," ಎಂದಿತು ದೂರದ ಮುದಿ ದನಿ. ಥೋರಾಳ ತಂಗಿ ಸೋಲ್ವೇಯ ಅತ್ತೆ ಆಕೆ. "ಹೆರಿಗೆ ಆಯ್ತಮ್ಮ. ಹೆಣ್ಣು ಮಗು. ಮಗು ಚೆನ್ನಾಗಿದೆ. ಆದ್ರೆ ಇವಳಿಗೆ ರಕ್ತ ನಿಲ್ತಾ ಇಲ್ಲ. ಹಾಸಿಗೆಯೆಲ್ಲ ತೊಯ್ದು ಹೋಯ್ತು ಕಣೇ!"

ಸೋಲ್ವೇಯ ಗಂಡ ದನ ಮಾರಲು ರೈಲಿನಲ್ಲಿ ಹೋದವನು ಹಿಮದಲ್ಲಿ ಎಲ್ಲೋ ಸಿಕ್ಕಿಬಿದ್ದಿದ್ದ. ಮನೆಯಲ್ಲಿದ್ದವರು ಹೆತ್ತವಳು ಮತ್ತು ಈ ಮುದುಕಿ, ಇಬ್ಬರೇ. ಹತ್ತಿರದ ಮನೆಯೆಂದರೆ ಹ್ರಿಂಚುಕ್ ದಂಪತಿಗಳದು. ಆ ಮನೆಯ ಗಂಡ ಬೆಳಿಗ್ಗೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೊರಟು, ತನ್ನ ಕೊಟ್ಟಿಗೆಯನ್ನೇ ಕಾಣದೆ ವಾಪಸು ಬಂದಿದ್ದ. ಪಂಚಾಯ್ತಿ ಸಂಬಳ ಕೊಟ್ಟು ಇಟ್ಟುಕೊಂಡಿದ್ದ ಡಾಕ್ಟರ್ ಮೆಕ್ವಾರಿ ಇದ್ದದ್ದು ಪಕ್ಕದ ಪೇಟೆಯಲ್ಲಿ. ರಸ್ತೆಯೂ ಇಲ್ಲ, ರೈಲೂ ಇಲ್ಲ. ಉಳಿದಿದ್ದದ್ದು ಒಂದು ತಂತಿ.

ಥೋರಾ ಆ ತಂತಿಯನ್ನು ಡಾಕ್ಟರ ಲೈನಿಗೆ ಸಿಕ್ಕಿಸಿದಳು. ಅವರು ಫೋನಿನ ಹತ್ತಿರವೇ ಇದ್ದರು, ಪುಣ್ಯಾತ್ಮರು.

"ರಗ್ನಮ್ಮ, ಸರಿಯಾಗಿ ಕೇಳಿ. ಹೊಕ್ಕುಳ ಕೆಳಗೆ ಕೈಯಿಟ್ಟು..."

"ಏನು? ಏನಂದ್ರಿ?"

"ಹೊಟ್ಟೆ ಮೇಲೆ, ಹೊಕ್ಕುಳ ಕೆಳಗೆ..."

"ಅಯ್ಯೋ, ನೊಣ ಗುಂಯ್‌ಗುಟ್ಟಿದ ಹಾಗೆ ಕೇಳ್ತದೆ ಡಾಕ್ಟ್ರೇ! ಏನು ಮಾಡ್ಲಿ ಹೇಳಿ!"

ಥೋರಾಗೆ ತಕ್ಷಣ ಅರ್ಥವಾಯಿತು. ಏಳನೇ ಲೈನೆಂದರೆ ಒಂದೇ ತಂತಿಗೆ ಜೋತುಬಿದ್ದ ಅಷ್ಟೂ ಹೊಲದ ಮನೆಗಳು. ಯಾರ ಮನೆಗೆ ಗಂಟೆ ಹೊಡೆದರೂ ಎಲ್ಲರ ಮನೆಯಲ್ಲೂ ಹೊಡೆಯುತ್ತದೆ, ಎಲ್ಲರೂ ಮೆತ್ತಗೆ ರಿಸೀವರ್ ಎತ್ತುತ್ತಾರೆ. ಎತ್ತಿದಷ್ಟೂ ದನಿ ಸೊರಗುತ್ತದೆ. ರಗ್ನಾಳ ಮನೆಯೋ ಲೈನಿನ ಕಟ್ಟಕಡೆಗಿತ್ತು. ಅಷ್ಟೂ ಕಿವಿಗಳು ಹೀರಿ ಬಿಟ್ಟದ್ದು ಮಾತ್ರ ಅಲ್ಲಿಗೆ ಮುಟ್ಟಬೇಕು. ಚಾಡಿಯ ಚಪಲಕ್ಕಲ್ಲ, ಪಾಪ, ಅವತ್ತು ಎಲ್ಲರಿಗೂ ಆ ಹುಡುಗಿಯ ಮೇಲಿನ ಅಕ್ಕರೆಯೇ. ಅಕ್ಕರೆಯಿಂದಲೇ ಕತ್ತು ಹಿಸುಕುತ್ತಿದ್ದರು.

"ಲೈನಿನಲ್ಲಿರೋರು ದಯವಿಟ್ಟು ಎಲ್ಲರೂ ಫೋನಿಡಿ," ಅಂದಳು ಥೋರಾ. "ಡಾಕ್ಟ್ರ ಮಾತು ಕೇಳಿಸ್ತಾ ಇಲ್ಲ. ಎಲ್ಲರೂ ಇಡಿ."

ಒಂದು ಫೋನೂ ಕೆಳಗಿಳಿಯಲಿಲ್ಲ. ಹೇಗೆ ಇಳಿದೀತು? ಹಾಲ್ವಿಕ್‌ನಲ್ಲಿ ಇನ್ನೊಬ್ಬರ ಮಾತನ್ನು ಯಾರೂ ಕದ್ದು ಕೇಳುವುದಿಲ್ಲವಲ್ಲ! ಬೆಳಿಗ್ಗೆ ಕೇಳಿದ್ದನ್ನು ಸಂಜೆ ಚರ್ಚಿನ ಬಾಗಿಲಲ್ಲಿ "ಹೌದಾ, ನಂಗೊತ್ತೇ ಇರ್ಲಿಲ್ಲ" ಎಂದು ಬಾಯಿ ತೆರೆದು ಕೇಳುವ ಜನ. ಈಗ ಇಟ್ಟರೆ ಟಕ್ಕೆನ್ನುತ್ತದೆ, ಟಕ್ಕೆಂದರೆ ಕೇಳುತ್ತಿದ್ದುದು ಗೊತ್ತಾಗುತ್ತದೆ. ಪ್ರತಿಯೊಬ್ಬರೂ ಇನ್ನೊಬ್ಬರು ಇಡಲಿ ಎಂದು ಉಸಿರು ಬಿಗಿಹಿಡಿದು ಕೂತಿದ್ದರು.

ಥೋರಾ ತಾನೇ ನಡುವೆ ನಿಂತು ಡಾಕ್ಟರ ಮಾತನ್ನು ಕಿರುಚಿ ದಾಟಿಸಲು ನೋಡಿದಳು. ಗಂಟಲು ಕಿತ್ತುಬಂದರೂ ಅರ್ಧ ಮಾತು ದಾರಿಯಲ್ಲೇ ಸತ್ತಿತು.

"ಬೆಳ್ಳಗೆ ಆಗ್ತಿದಾಳೆ," ಎಂದಳು ರಗ್ನಾ. "ತುಟಿ ಎಲ್ಲ ಬೆಳ್ಳಗೆ. ಏ ಸೋಲ್ವೇ! ಕಣ್ಣು ಬಿಡೇ!"

ಆಪರೇಟರಿಗೆ ಟೆಲಿಫೋನ್ ಸಂಘ ಹಾಕಿದ ನಿಯಮ ಒಂದಿತ್ತು: ಯಾರು ಕೇಳುತ್ತಿದ್ದಾರೆಂದು ಗೊತ್ತಾದರೂ ಬಾಯಿ ಬಿಡಕೂಡದು, ಬಿಟ್ಟರೆ ಅವತ್ತೇ ಮನೆಗೆ. ಆ ಕುರ್ಚಿಯಲ್ಲಿ ಕೂತಂದಿನಿಂದ ಥೋರಾ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಯಾವ ಮನೆಯ ಉಸಿರು ಯಾವುದೆಂದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು.

"ಪೆಟ್ಟಿಗ್ರೂ ಮೇಡಂ," ಅಂದಳು. "ನಿಮ್ಮ ಕೆನರಿ ಹಕ್ಕಿ ಹಾಡ್ತಾ ಇದೆ. ಫೋನಿಡಿ."

ಮಹಿಳಾ ಸಮಾಜದ ಅಧ್ಯಕ್ಷೆ! ಹೋದ ತಿಂಗಳಷ್ಟೇ 'ಟೆಲಿಫೋನ್ ಸಭ್ಯತೆ'ಯ ಬಗ್ಗೆ ಭಾಷಣ ಮಾಡಿದ ಹೆಂಗಸು. ಟಕ್.

"ಹ್ರಿಂಚುಕ್ ಅಕ್ಕ, ನಿಮ್ಮ ಗಡಿಯಾರ ಕೇಳಿಸ್ತಿದೆ. ಇಡಿ ತಾಯಿ."

"ನಾನು ಒಳ್ಳೇದಕ್ಕೇ ಕಣೇ ಥೋರಾ, ದೇವರಾಣೆ! ಏನಾದ್ರೂ ಸಹಾಯ ಆದೀತು ಅಂತ..."

"ಗೊತ್ತು ಅಕ್ಕ. ಇಡೋದೇ ಸಹಾಯ. ಇಡಿ!" ಟಕ್.

ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದಳು. ಹೊಲಿಗೆ ಮಿಷನ್ನಿನವಳನ್ನು, ಚಹಾ ಸೊರ್ರನೆ ಹೀರುವವನನ್ನು, ಗಂಡ ಹೆಂಡತಿ ಒಂದೇ ರಿಸೀವರಿಗೆ ಕಿವಿ ಹಚ್ಚಿ ಮೊಣಕೈಯಲ್ಲಿ ತಿವಿದಾಡುತ್ತಿದ್ದ ಮನೆಯನ್ನು. ಟಕ್, ಟಕ್, ಟಕ್. ಊರಿನ ಮಾನವನ್ನೆಲ್ಲ ಬೀದಿಗೆ ಎಳೆದು ಹಾಕುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಇವರೆಲ್ಲರ ಜೊತೆ ಇನ್ನು ಬಾಳುವುದು ಹೇಗೆ? ಆಮೇಲೆ ನೋಡಿಕೊಂಡರಾಯಿತು.

ಕೊನೆಗೆ ಸಿಳ್ಳೆಯಂಥ ಒಂದು ಉಸಿರು ಉಳಿಯಿತು. ಟೆಲಿಫೋನ್ ಸಂಘದ ಅಧ್ಯಕ್ಷ ಸುಂಡ್‌ಬಿಯದು. ನಿಯಮ ಬರೆದ ಮಹಾನುಭಾವರು.

"ಸುಂಡ್‌ಬಿಯವರೇ."

"ಥೋರಾ, ನಿಯಮ ಮರೆತ್ಯಾ?" ಮುದುಕನ ದನಿ ಗಡಸಾಯಿತು. "ಕೆಲಸ ಬೇಕೋ ಬೇಡ್ವೋ ನಿಂಗೆ?"

"ಬೇಡ! ನಾಳೆ ಬಂದು ಕಿತ್ತಾಕಿ! ಈಗ ಫೋನಿಡಿ ಅಂದ್ರೆ ಇಡಿ, ನನ್ನ ತಂಗಿ ಸಾಯ್ತಾ ಇದಾಳೆ!"

ಆತ ಏನೋ ಹೇಳಲು ಹೊರಟು ಕೆಮ್ಮಿದ. ಟಕ್.

ಲೈನು ತಿಳಿಯಾಯಿತು. ಒಲೆಯ ಚಟಪಟವೂ ಮಗುವಿನ ಕುಂಯ್‌ಗುಟ್ಟುವಿಕೆಯೂ ಕೇಳಿಸಿತು. ರಗ್ನಾ ಮಂಚವನ್ನು ಫೋನಿನ ಗೋಡೆಗೇ ಎಳೆದು, ರಿಸೀವರನ್ನು ಕಿವಿಗೆ ಸೇರಿಸಿ ತಲೆವಸ್ತ್ರದಿಂದ ಬಿಗಿದುಕೊಂಡಿದ್ದಳು. ಎರಡೂ ಕೈ ಬೇಕಲ್ಲ.

"ಈಗ ಕೇಳ್ತದೆ, ಸ್ವಲ್ಪ ಸ್ವಲ್ಪ," ಅಂದಳು. "ತಿಕ್ಕಬೇಕು ಅಂದ್ರಿ. ಎಲ್ಲಿ ಅಂದ್ರಿ?"

ಡಾಕ್ಟರ್ ಹೇಳಿದರು. ತಂತಿಯ ಮೇಲೆ ಕಟ್ಟಿದ ಮಂಜು ಗರಗರ ಎಂದು ಅರ್ಧ ತಿಂದಿತು. ಥೋರಾ ಮಿಕ್ಕದ್ದನ್ನು ದಾಟಿಸಲು ಹೋದಳು, ಅವಳ ದನಿ ಒಡೆಯಿತು. ಅಷ್ಟರಲ್ಲಿ ಮಂಚದಿಂದ ಒಂದು ಸಣ್ಣ ಸ್ವರ ಬಂತು.

"ಅಕ್ಕ ಇದಾಳಾ? ಅಕ್ಕಾ..."

"ಇದೀನಿ ಕಣೇ! ಸೋಲ್ವೇ, ಇಲ್ಲೇ ಇದೀನಿ!"

"ಥೋರಾ," ಎಂದರು ಡಾಕ್ಟರ್. "ಲೈನಿನಲ್ಲಿ ಇನ್ನೂ ಒಬ್ಬರಿದಾರೆ."

"ಇಲ್ಲ ಡಾಕ್ಟ್ರೇ, ಎಲ್ಲರೂ ಇಟ್ರು."

"ನೀನಿದೀಯಲ್ಲಮ್ಮ."

"ನಾನು ದಾಟಿಸ್ತಾ ಇದೀನಲ್ಲ ಡಾಕ್ಟ್ರೇ!"

"ನೀನು ಮಧ್ಯೆ ದಾಟಿಸ್ತಾ ಕೂತ್ರೆ ಒಂದು ಮಾತಿಗೆ ಎರಡರಷ್ಟು ಹೊತ್ತು ಹಿಡೀತದೆ. ನಿನ್ನ ಅಳು ಕೇಳಿ ಆ ಮುದುಕಿ ಬೇರೆ ಕಂಗಾಲಾಗ್ತಿದಾಳೆ. ನಂಗೆ ಅವಳ ಕಿವಿ ಪೂರ್ತಿ ಬೇಕು. ನಿನ್ನ ಫೋನೂ ಇಡು."

"ಅಕ್ಕಾ," ಎಂದಿತು ಮತ್ತೆ ಆ ಸ್ವರ, "ಅಕ್ಕಾ, ಬಾ..."

ಥೋರಾ ಅಷ್ಟು ಜನರಿಗೆ ಇಡಿ ಇಡಿ ಎಂದು ಗದರಿಸಿದ್ದಳು. ಈಗ ತನ್ನ ಕೈಯೇ ಏಳಲೊಲ್ಲದು. ತಾಯಿ ತೀರಿಕೊಂಡ ಮೇಲೆ ಆ ಹುಡುಗಿಯ ತಲೆ ಬಾಚಿ ಜಡೆ ಹಾಕಿದವಳು ಅವಳೇ. ಇದೇ ಕೊನೆಯ ಮಾತಾಗಿದ್ದರೆ? ಕೇಳುತ್ತಾ ಕೂತರೆ ಸಾಯುತ್ತಾಳೆ, ಇಟ್ಟರೆ ಒಬ್ಬಳೇ ಸಾಯುತ್ತಾಳೇನೋ. ಅವಳು ಅಳುತ್ತಲೇ ಲೈನಿನ ಮಾತನ್ನು ತನ್ನ ಕಿವಿಗೆ ತರುವ ಬೋರ್ಡಿನ ಕೀಲಿಯನ್ನು ಹಿಂದಕ್ಕೆ ತಳ್ಳಿ, ಹೆಡ್‌ಫೋನು ಕಿತ್ತು ಮಡಿಲಲ್ಲಿಟ್ಟುಕೊಂಡಳು. ಕೋಣೆಯಲ್ಲಿ ಗಾಳಿಯ ಸದ್ದೊಂದೇ ಉಳಿಯಿತು.

ಎಷ್ಟು ಹೊತ್ತು ಕೂತಳೋ. ಬೋರ್ಡಿನ ಮೇಲೆ ಬೇರೆ ಯಾವ ಮುಚ್ಚಳವೂ ಬೀಳಲಿಲ್ಲ. ಊರಿಗೆ ಊರೇ ಫೋನು ಮುಟ್ಟದೆ ಕೂತಿತ್ತು. ಒಂದೆರಡು ಸಲ ಅವಳ ಕೈ ಕೀಲಿಯವರೆಗೆ ಹೋಯಿತು. ಒಂದು ಉಸಿರಿನಷ್ಟು ಕೇಳಿದರೆ ಏನಾದೀತು? ಎಲ್ಲರೂ ಹಾಗೇ ಅಂದುಕೊಂಡಿದ್ದರು ತಾನೆ. ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು. ಒಲೆ ಆರಿತು, ಬೆರಳು ಮರಗಟ್ಟಿದವು, ಅವಳು ಎದ್ದು ಸೌದೆ ಹಾಕಲಿಲ್ಲ.

ಕೊನೆಗೆ ಮುಚ್ಚಳ ಬಿತ್ತು. ಹೆಡ್‌ಫೋನು ಕಿವಿಗೇರಿಸುವಷ್ಟರಲ್ಲಿ ಎರಡು ಸಲ ಕೈಜಾರಿತು.

"ನಿಂತಿತು," ಎಂದಳು ರಗ್ನಾ. ಅವಳೂ ಅಳುತ್ತಿದ್ದಳು. "ಗರ್ಭಕೋಶ ಕಲ್ಲಿನ ಹಾಗೆ ಗಟ್ಟಿಯಾಯ್ತು, ನಿಂತಿತು. ಮಗು ಹಾಲು ಕುಡೀತಾ ಇದೆ. ಡಾಕ್ಟ್ರು ಇನ್ನು ಭಯವಿಲ್ಲ ಅಂದ್ರು. ಥೋರಾ? ಇದೀಯೇನಮ್ಮ?"

"ಹ್ಞೂಂ," ಅಂದಳು ಥೋರಾ.

"ತಡಿ, ಇವಳೇನೋ ಅಂತಿದಾಳೆ." ಆ ಕಡೆ ಗುಸುಗುಸು. "'ಅಕ್ಕ ಯಾಕೆ ಹೋದ್ಲು' ಅಂತಾಳೆ. ನಿನ್ನ ಕೂಗಿ ಕೂಗಿ ಸಾಕಾಯ್ತು ಇವಳಿಗೆ. ಏನು ಹೇಳ್ಲಿ?"

"ಎಲ್ಲೂ ಹೋಗ್ಲಿಲ್ಲ ಅನ್ನಿ. ಇಲ್ಲೇ ಕೂತಿದ್ದೆ ಅನ್ನಿ."

ಮುದುಕಿ ಅದನ್ನು ಮಂಚದ ಕಡೆ ತಿರುಗಿ ಹೇಳಿದಳು. ಮತ್ತೆ ಗುಸುಗುಸು, ಈ ಸಲ ಸ್ವಲ್ಪ ಜೋರಾಗಿಯೇ.

"'ಸುಳ್ಳು' ಅಂತಾಳೆ ಕಣಮ್ಮ. 'ಸುಳ್ಳಿ, ಹೇಡಿ, ಇನ್ನು ನನ್ನ ಮಗೂನ ಮುಟ್ಟಕೂಡದು' ಅಂತಾಳೆ. ಸುಸ್ತಾಗ್ತಾಳೆ, ಬಾಯಿ ಮುಚ್ಚು ಅನ್ಲಾ?"

"ಬೇಡ," ಅಂದಳು ಥೋರಾ, ಎರಡೂ ಕೈಯಲ್ಲಿ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು. "ಬೈಯಲಿ. ಇನ್ನೂ ಬೈಯಲು ಹೇಳಿ ರಗ್ನಮ್ಮ. ನಾನು ಕೇಳ್ತಾ ಇದೀನಿ."