ನೀಲಿ ಚಾಕಿನ ಬೆರಳುಗಳು

ಅಂಟುವಾಳಕಾಯಿಯ ವಾಸನೆ, ಈ ಮಣ್ಣಗುಡ್ಡದ ಫ್ಲ್ಯಾಟಿನ ಮೂರನೇ ಮಾಳಿಗೆಯಲ್ಲಿ ಎಲ್ಲಿಂದ ಬಂತು, ಅಮ್ಮನ ರೇಷ್ಮೆಯ ಪಟ್ಟೆಸೀರೆಯಿಂದಲೇ ಇರಬೇಕು, ಮೇಜಿನ ಮೇಲೆ ಹರಡಿದ್ದೇನೆ, ಅರ್ಧ ಕತ್ತರಿಸಿದ್ದು — ಅಂಟುವಾಳದಲ್ಲೇ ಒಗೆದು, ಕೋಲಿನಿಂದ ಎತ್ತರದ ಗಳಕ್ಕೆ ಏರಿಸುತ್ತಿದ್ದಳು, ನೈವೇದ್ಯ ಮಾಡುವಾಗ ಉಡುವ ಮಡಿಸೀರೆ, ಯಾರೂ ಮುಟ್ಟಬಾರದು, ಏಳು ವರ್ಷದ ನಾನು ಒಮ್ಮೆ ಸೆರಗು ಹಿಡಿಯಲು ಹೋದೆ, ಮುಟ್ಟಬೇಡ, ಕೈ ಹಿಂದಕ್ಕೆ ಬಂತು, ಅಮ್ಮ ತೀರಿಕೊಂಡ ಮೇಲೆಯೇ ನಾನದನ್ನು ಮುಟ್ಟಿದ್ದು. ಇವತ್ತು ಬೆಳಿಗ್ಗೆ ಅದೇ ಮಾತು ನನ್ನ ಬಾಯಿಂದ, ಅಮ್ಮನ ಅದೇ ಗಂಟಲು — ಕೆಳಗಿನ ಟೈಲರಿಂಗ್ ಅಂಗಡಿಯ ನಬೀಸಾ, ಬಟ್ಟೆ ಅಂಟಿಸಿ, ಹೊಲಿದು ಮಾಡುವ ನನ್ನ ಚಿತ್ರಗಳಿಗೆ ಎಂದು ಹೊಸ ಬಟ್ಟೆಯ ತುಂಡುಗಳನ್ನು ತಂದಿದ್ದಳು, ಎಂತ ಟೀಚರ್, ಇಷ್ಟು ಚಂದದ ಸೀರೆಗೆ ಕತ್ತರಿ ಹಾಕಿದ್ರಾ, ನಿಮ್ಮ ಅಮ್ಮ ಕನಸಲ್ಲಿ ಬಂದು ಬೈಯ್ತಾರೆ ನೋಡಿ, ನಕ್ಕು ಕೈ ಚಾಚಿದಳು, ಮುಟ್ಟಬೇಡ, ಅಂದುಬಿಟ್ಟೆ. ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನ ಪುಡಿ ಹತ್ತಿದ ಆ ಬೆರಳುಗಳು ಗಾಳಿಯಲ್ಲೇ ನಿಂತು ಮಡಚಿಕೊಂಡವು. ಆಯ್ತು ಟೀಚರ್, ಅಂಗಡಿಯಲ್ಲಿ ಗಿರಾಕಿ ಉಂಟು.

ಕತ್ತರಿ ಹಾಕಿ, ಗೋಂದು ಬಳಿದು, ಬಣ್ಣ ಚೆಲ್ಲಿದ ಬಟ್ಟೆಗೆ ಇನ್ನೆಂತ ಮಡಿ, ಕಾಲೇಜು ಓದಿ, ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ, ಕಡೆಗೆ ಇಷ್ಟೇ — ಅಮ್ಮನ ಕೆಂಪು ಪಟ್ಟೆಯ ಪಕ್ಕ ನಬೀಸಾ ತಂದ ಹಸಿರು ಚೂಡಿದಾರದ ತುಂಡು ಇಡುತ್ತೇನೆ, ತೆಗೆಯುತ್ತೇನೆ, ಗೋಂದು ಒಣಗುತ್ತಿದೆ, ಕೆಳಗೆ ಮೆಷಿನಿನ ಸದ್ದು ಬಂತು, ನಿಂತಿತು, ಬರುತ್ತಾಳಾ, ಇನ್ನು ಬರುವುದಿಲ್ಲ, ಅವಳು ಬಿಟ್ಟುಹೋದ ತುಂಡುಗಳ ಚೀಲ ಸುರಿದರೆ ಒಳಗೆ ಹತ್ತು ಸೂಜಿಗಳು, ಒಂದೊಂದಕ್ಕೂ ದಾರ ಪೋಣಿಸಿದ್ದು, ನನ್ನ ಕಣ್ಣಿಗೆ ಸೂಜಿಯ ತೂತು ಕಾಣುವುದಿಲ್ಲ ಎಂದು ಪ್ರತಿ ಸಲ ಹೀಗೆ, ಒಮ್ಮೆಯೂ ಬಾಯಿಬಿಟ್ಟು ಹೇಳದೆ. ಕೆಳಗಿಳಿದು ಹೇಳಿಬಿಡಲೇ, ಸೀರೆಯಲ್ಲಿ ಗುಂಡುಸೂಜಿ ಇತ್ತು, ನಿನಗೆ ಚುಚ್ಚೀತೆಂದು ಕೂಗಿದೆ, ಅಷ್ಟೇ — ಸುಲಭ, ನಂಬುತ್ತಾಳೆ, ಆದರೆ ಸೂಜಿ ಇರಲಿಲ್ಲವಲ್ಲ, ಚಪ್ಪಲಿ ಹಾಕಿದೆ, ಬಿಟ್ಟೆ, ಗಾಳಿಯಲ್ಲಿ ಮಡಚಿಕೊಂಡ ಆ ನೀಲಿ.

ಬೆಲ್. ನಬೀಸಾ, ಕೈಯಲ್ಲಿ ಸ್ಟೀಲ್ ಡಬ್ಬಿ, ಗಂಟೆ ಎರಡೂವರೆ, ನೀವು ಊಟ ಮಾಡಿರ್ಲಿಕ್ಕಿಲ್ಲ, ನೀರುದೋಸೆ, ಕಾಯಿಬೆಲ್ಲ, ಬೇರೆ ಎಂತದೂ ಇಲ್ಲ. ನೆಲ ನೋಡುತ್ತ ಅವಳೇ ಕೇಳುತ್ತಾಳೆ, ಸೀರೆಯಲ್ಲಿ ಸೂಜಿ ಇತ್ತಲ್ಲ ಟೀಚರ್, ಅದಕ್ಕೇ ಅಲ್ವಾ — ನನಗಾಗಿ ಆ ನೆಪವನ್ನೂ ಪೋಣಿಸಿ ತಂದಿದ್ದಾಳೆ. ಇಲ್ಲ ನಬೀಸಾ, ಸೂಜಿ ಇರಲಿಲ್ಲ. ಅವಳು ಡಬ್ಬಿಯನ್ನು ಬಾಗಿಲ ಬಳಿಯ ಸ್ಟೂಲಿನ ಮೇಲಿಡಲು ಬಗ್ಗಿದಳು, ನಾನು ಎರಡೂ ಕೈ ಚಾಚಿದೆ, ಚಾಚಿಯೇ ನಿಂತೆ, ಏಳು ವರ್ಷದವಳ ಹಾಗೆ, ನಿಂತೇ ಇದ್ದೆ — ಡಬ್ಬಿ ಕೈಗೆ ಬಂತು, ಬಿಸಿ, ಅದರ ಕೆಳಗೆ, ನನ್ನ ಬೆರಳುಗಳಿಗೆ ತಾಗಿ, ಆ ನೀಲಿ ಬೆರಳುಗಳು.