ಹರಿಹರದ ದಾರ

“ಅದು ಬೇರೆ ಮಾವ, ಇದು ಬೇರೆ,” ಎಂದು ಪ್ರಶಾಂತ ನಾಲ್ಕನೆಯ ಸಲ ಹೇಳಿದಾಗ ಮುರುಗೇಶಪ್ಪನ ಕೈಯಲ್ಲಿದ್ದ ಹೋಳಿಗೆಯ ತುಂಡು ತುಪ್ಪದಲ್ಲೇ ನಿಂತಿತು.

ದೇವರಾಜ ಅರಸು ಬಡಾವಣೆಯ ಅಕ್ಕನ ಮನೆಯಲ್ಲಿ ಭಾನುವಾರದ ಊಟ. ಅಕ್ಕ ಉಮಾಮಹೇಶ್ವರಿ ಬಡಿಸುತ್ತಿದ್ದಳು. ಪ್ರಶಾಂತ ಅವಳ ಮಗ. ಖಾಸಗಿ ಲ್ಯಾಬೊಂದರಲ್ಲಿ ರಕ್ತ ತೆಗೆಯುವ ಕೆಲಸ. ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲವೆಂದು ಬಡಾವಣೆಯ ಮುದುಕರೆಲ್ಲ ಅವನನ್ನೇ ಕೇಳಿ ಕರೆಸುತ್ತಿದ್ದರು. ಎರಡು ವರ್ಷದಿಂದ ಅವನೊಂದು ಸಂಘಟನೆಗೆ ಸೇರಿಕೊಂಡಿದ್ದ. ಇವತ್ತು ಅಲ್ಲಿಯ ಇಬ್ಬರು ಗೆಳೆಯರೂ ಅವನ ಜೊತೆ ಊಟಕ್ಕೆ ಬಂದಿದ್ದರು. ಮುಸಲ್ಮಾನರ ಯಾವ ಯಾವ ಅಂಗಡಿಗಳಲ್ಲಿ ಏನನ್ನೂ ಕೊಳ್ಳಬಾರದು ಎಂಬ ಪಟ್ಟಿಯೊಂದನ್ನು ಅವರು ಮನೆಮನೆಗೆ ಹಂಚುತ್ತಿದ್ದರು. ಅದರ ಒಂದು ಪ್ರತಿ ಅಕ್ಕನ ಫ್ರಿಜ್ಜಿನ ಬಾಗಿಲಿಗೂ ಅಂಟಿತ್ತು. ಮಾತು ಶುರುವಾದದ್ದು ಅದರಿಂದಲೇ.

“ದಿನಾ ರಕ್ತ ತೆಗಿತೀಯಲ್ಲೋ. ಅದರಾಗ ಯಾರದು ಯಾವ ಜಾತಿದು ಅಂತ ಗೊತ್ತಾಗ್ತತೇನು?”

“ಅದು ಸೈನ್ಸು ಮಾವ. ಅದು ಬೇರೆ.”

“ಹಂಗಾರೆ ಶರಣರು ಹೇಳಿದ್ದು?”

“ಶರಣರ ಕಾಲ ಬೇರೆ ಇತ್ತು.”

“ಹೋದ ವಾರ ನೀನೇ ಅಂದೆ, ಧರ್ಮ ಕಾಲಕ್ಕೆ ತಕ್ಕಂಗೆ ಬದಲಾಗಲ್ಲ ಅಂತ.”

“ಅದಕ್ಕೇ ನಿಮಗೆ ಅರ್ಥ ಆಗಲ್ಲ ಅನ್ನಾದು. ನೀವು ಒಳ್ಳೇರು ಮಾವ. ನಿಮ್ಮಂಥ ಒಳ್ಳೇರಿಂದನೇ ನಮ್ಮವರು ಈ ಗತಿಗೆ ಬಂದಿರಾದು.”

ಗೆಳೆಯರು ನಕ್ಕರು. ಪ್ರಶಾಂತನ ತಂಗಿ ಸ್ನೇಹಾ ಅನ್ನದ ಪಾತ್ರೆ ಹಿಡಿದು ಬಂದವಳು, “ಬಿಡ್ರಿ ಮಾವ. ಗೋಡೆ ಜೊತೆ ಮಾತಾಡಿದ್ರೆ ಗೋಡೆನಾದ್ರೂ ಸುಮ್ನಿರ್ತತೆ,” ಅಂದಳು.

ಮುರುಗೇಶಪ್ಪನಿಗೆ ಬಿಡಲು ಆಗುತ್ತಿರಲಿಲ್ಲ. ಅವನದು ಕೆ.ಬಿ. ಬಡಾವಣೆಯಲ್ಲಿ ಪೂಜಾ ಸಾಮಾನಿನ ಅಂಗಡಿ. ಹಗಲು ಅಪ್ಪನ ಜೊತೆ ಅಂಗಡಿಯಲ್ಲಿ ಕೂತು, ಸಂಜೆ ಕಾಲೇಜಿಗೆ ಹೋಗಿ ಬಿ.ಎ. ಮಾಡಿದವನು. ಅಲ್ಲಿ ಎರಡು ವರ್ಷ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಬಂದಿತ್ತು. ಸರಿಯಾದ ಮಾತನ್ನು ಸರಿಯಾದ ಜಾಗದಲ್ಲಿಟ್ಟರೆ ಯಾರಾದರೂ ಒಪ್ಪುತ್ತಾರೆ ಎಂಬ ನಂಬಿಕೆ ಅಲ್ಲಿಂದ ಹುಟ್ಟಿದ್ದು. ಒಪ್ಪದಿದ್ದರೆ ಮಾತು ಇನ್ನೂ ಸರಿಯಾಗಿಲ್ಲವೆಂದು ತನ್ನನ್ನೇ ಬೈದುಕೊಳ್ಳುತ್ತಿದ್ದ. ಪ್ರತಿ ಭಾನುವಾರ ಇಲ್ಲಿಂದ ಸೋತು ಹೋಗಿ, ಸೋಮವಾರ ಅಂಗಡಿಯಲ್ಲಿ ವಿಭೂತಿ ಗಟ್ಟಿ ಜೋಡಿಸುತ್ತ, ಹೇಳಬೇಕಾಗಿದ್ದ ಉತ್ತರಗಳನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದ.

“ಯಜಮಾನ್ರು ಕಾಲೇಜಾಗೆ ಡಿಬೇಟ್ ಮಾಡಿದೋರಂತಲ್ಲ?” ಗೆಳೆಯರಲ್ಲೊಬ್ಬ ಕೇಳಿದ. “ರಾತ್ರಿ ಶಾಲೇನೋ ಏನೋ ಅಂದಂಗಿತ್ತಪ್ಪ ಪ್ರಶಾಂತ.”

“ಸಂಜೆ ಕಾಲೇಜು,” ಅಂದ ಮುರುಗೇಶಪ್ಪ. ಕಿವಿ ಬಿಸಿಯಾಯಿತು. ಅಕ್ಕ ತಲೆ ತಗ್ಗಿಸಿ ಸಾರು ಬಡಿಸುತ್ತಿದ್ದಳು. ಆಗ ಅವನ ಕಣ್ಣು ಪ್ರಶಾಂತನ ಕೊರಳಿನ ಮೇಲೆ ಬಿತ್ತು. ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು. ಲಿಂಗದ ಕರಡಿಗೆಗೆ ಕಟ್ಟಿದ ಬಿಳಿಯ ಶಿವದಾರ ಕಾಣುತ್ತಿತ್ತು.

“ನಿನ್ನ ಕೊರಳಾಗ ಐತಲ್ಲ, ಆ ಶಿವದಾರ. ಅದು ಯಾರ ಕೈಯಾಗಿಂದು ಗೊತ್ತೇನು?”

“ನಿಮ್ಮ ಅಂಗಡೀದು.”

“ನಾನು ಮಾರೋನು. ಹೊಸೆದೋನು ಯಾರು? ಹರಿಹರದ ಹುಜೈಫಾ. ಅವನಪ್ಪ ದಾದಾಪೀರ ನಿಮ್ಮಪ್ಪನ ದಾರ ಹೊಸೆದಿದ್ದ. ಅವನ ತಾತ ಪಿಂಜಾರ ಹುಸೇನಪ್ಪ ನಮ್ಮ ಅಪ್ಪಂದು ಹೊಸೆದಿದ್ದ. ಮೂರು ತಲೆಮಾರು. ಪಟ್ಟೀಲಿ ಬರ್ಕೋ, ಏನು ಬಿಡ್ತೀಯ ಈಗ? ದಾರ ಬಿಡ್ತೀಯೋ, ಲಿಂಗ ಬಿಡ್ತೀಯೋ?”

ಸ್ನೇಹಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಪ್ರಶಾಂತನ ಎಡಗೈ ತಾನಾಗಿ ಕೊರಳಿಗೆ ಹೋಗಿ ಅಲ್ಲೇ ನಿಂತಿತು. ಮುರುಗೇಶಪ್ಪ ಹೋಳಿಗೆಯನ್ನು ತುಪ್ಪದಲ್ಲಿ ಹೊರಳಿಸಿ ಬಾಯಿಗಿಟ್ಟುಕೊಂಡ. ಇಷ್ಟು ರುಚಿಯಾದ ಹೋಳಿಗೆ ತಿಂದು ಬಹಳ ದಿನವಾಗಿತ್ತು.

ಸ್ವಲ್ಪ ಹೊತ್ತಾದ ಮೇಲೆ ಪ್ರಶಾಂತ, ರೋಗಿಯ ಹೆಸರು ಕೇಳುವಾಗಿನ ಮೆಲುದನಿಯಲ್ಲಿ ಕೇಳಿದ. “ಹರಿಹರದಾಗ ಎಲ್ಲಿ ಮಾವ?”

ಆ ದನಿ ಸರಿಯಿಲ್ಲವೆಂದು ಮುರುಗೇಶಪ್ಪನಿಗೆ ಅನಿಸಿತ್ತೇ? ಆಮೇಲೆ ಎಷ್ಟೋ ಸಲ ಅವನು ಇದನ್ನೇ ಕೇಳಿಕೊಂಡ. ಅನಿಸಿತ್ತು. ಆದರೆ ಆ ಹೊತ್ತಿನಲ್ಲಿ ಅವನ ನಾಲಿಗೆ ಇನ್ನೂ ಸಿಹಿಯಾಗಿತ್ತು. ಸಾಕ್ಷಿಯಿಲ್ಲದ ಮಾತೆಂದು ಇವರು ತಳ್ಳಿಹಾಕಬಾರದಲ್ಲ ಎಂದುಕೊಂಡ.

“ಹಳೇ ಹತ್ತಿ ಗೋದಾಮಿನ ಹಿಂದಿನ ಓಣಿ. ಹಸಿರು ಬಾಗಿಲು. ಹೋಗಿ ನೋಡು ಬೇಕಾದ್ರೆ, ಸ್ನಾನ ಮಾಡದೆ ದಾರ ಮುಟ್ಟಲ್ಲ ಅವನು.”

ಬುಧವಾರ ಬೆಳಿಗ್ಗೆ ಅಂಗಡಿಯಲ್ಲಿದ್ದಾಗ ಸ್ನೇಹಾಳಿಂದ ಒಂದು ವಿಡಿಯೋ ಬಂತು. ಜೊತೆಯಲ್ಲಿ ಒಂದೇ ಸಾಲು: ಮಾವ, ಇದು ಅವರೇನಾ?

ಹಸಿರು ಬಾಗಿಲಿನ ಮುಂದೆ ಹುಜೈಫಾ ಕೈಕಟ್ಟಿ ನಿಂತಿದ್ದ. ಯಾರೂ ಅವನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. “ಇನ್ನು ಮುಂದೆ ಲಿಂಗವಂತರ ದಾರ ಮುಟ್ಟಲ್ಲ, ಇಷ್ಟು ದಿನ ಮಾಡಿದ್ದು ತಪ್ಪಾತು,” ಎಂದು ಅವನು ಹೇಳಿದ. “ಜೋರಾಗಿ ಹೇಳಪ್ಪ, ಕೇಳ್ತಿಲ್ಲ,” ಎಂದಿತು ಮೊಬೈಲು ಹಿಡಿದವನ ದನಿ. ಹುಜೈಫಾ ಜೋರಾಗಿ ಹೇಳಿದ. ಆಮೇಲೆ ಹುಡುಗರು ಒಳಗಿನಿಂದ ದಾರದ ಕಟ್ಟುಗಳನ್ನು ತಂದು, ಚಪ್ಪಲಿ ಬಿಟ್ಟು, ತಲೆಯ ಮೇಲೆ ಹೊತ್ತುಕೊಂಡು ಹೊಳೆಗೆ ನಡೆದರು. ಮೊಣಕಾಲುದ್ದ ನೀರಿನಲ್ಲಿ ನಿಂತು, ಕೈಮುಗಿದು, ಒಂದೊಂದೇ ಕಟ್ಟನ್ನು ತುಂಗಭದ್ರೆಗೆ ಬಿಟ್ಟರು.

ಮುರುಗೇಶಪ್ಪ ವಿಡಿಯೋವನ್ನು ಮತ್ತೆ ಮತ್ತೆ ಹಾಕಿ ನೋಡಿದ. ಆ ದನಿ ಬೇರೆ ಯಾರದಾದರೂ ಇರಬಹುದೇ ಎಂದು ಮೊಬೈಲನ್ನು ಕಿವಿಗೇ ಒತ್ತಿಕೊಂಡು ಕೇಳಿದ. ರಕ್ತ ತೆಗೆಯುವಾಗ ‘ಮುಷ್ಟಿ ಬಿಗಿ ಹಿಡೀರಿ, ಆತು, ಆತು’ ಎನ್ನುವ ದನಿ ಅದೇ.

ಫೋನು ಮಾಡಿದ.

“ನಿಮ್ಮ ಹೆಸರು ಎಲ್ಲೂ ಬರದಂಗೆ ನೋಡ್ಕಂಡಿದೀನಿ ಮಾವ,” ಅಂದ ಪ್ರಶಾಂತ. “ಅಂಗಡಿದೂ ಬಂದಿಲ್ಲ. ಗಾಬರಿ ಆಗಬ್ಯಾಡ್ರಿ.”

“ನಾನು ಹೇಳಿದ್ದು ಇದಕ್ಕೇನೋ?”

“ನೀವು ಹೇಳಿದ್ದು ಖರೇ ಮಾತು. ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ನೀವೇ ಕಣ್ಣು ತೆರೆಸಿದ್ದು.” ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಕೃತಜ್ಞತೆ ಇತ್ತು.

ಮುರುಗೇಶಪ್ಪ ಫೋನು ಕೆಳಗಿಡುವಷ್ಟರಲ್ಲಿ ಕಸ್ತೂರಮ್ಮ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಳು. ಎಪ್ಪತ್ತು ದಾಟಿದ ಹಳೆಯ ಗಿರಾಕಿ.

“ಮೊಮ್ಮಗನ ದೀಕ್ಷೆ ಐತೆ. ಶಿವದಾರ ಕೊಡಪ್ಪ. ಹರಿಹರದ್ದೇ ಕೊಡು.”

ಮುರುಗೇಶಪ್ಪ ಮೊಬೈಲನ್ನು ಬೋರಲು ಹಾಕಿದ. “ಹರಿಹರದ್ದು ಅಂತ ಯಾರು ಹೇಳಿದ್ರಮ್ಮ?”

“ಅಯ್ಯ, ಪಿಂಜಾರ್ರ ದಾರ ಅಲ್ಲೇನು? ಅದೇ ಒಳ್ಳೇದು. ಬೆವರಿಗೆ ಕೊಳಿಯಾದಿಲ್ಲ, ಗಂಟು ಜಾರಾದಿಲ್ಲ. ನಿಮ್ಮಪ್ಪ ಇದ್ದಾಗಿಂದ ನಾ ಅದನ್ನೇ ಒಯ್ಯಾದು.”

ಅವಳಿಗೆ ಗೊತ್ತಿತ್ತು. ಅವಳಂಥ ಎಷ್ಟೋ ಜನಕ್ಕೆ ಗೊತ್ತಿದ್ದಿರಬೇಕು. ಗೊತ್ತಿದ್ದೂ ಯಾರೂ ಅದನ್ನು ಒಂದು ಸಂಗತಿಯೆಂದು ಎತ್ತಿ ಹಿಡಿದಿರಲಿಲ್ಲ. ‘ಗಂಟು ನೋಡ್ಬೇಕು, ಕೈ ಕೇಳ್ಬಾರ್ದು,’ ಎನ್ನುತ್ತಿದ್ದ ಅಪ್ಪ. ಅದನ್ನು ಅವನು ಅಪ್ಪನ ಹೆದರಿಕೆ ಎಂದುಕೊಂಡಿದ್ದ. ಓದಿದವನು ನಾನು, ಇದನ್ನೆಲ್ಲ ಬಾಯಿಬಿಟ್ಟು ಹೇಳಬೇಕು ಎಂದುಕೊಂಡಿದ್ದ.

ಅಂಗಡಿಯ ಮುಂದೆ ಇಬ್ಬರು ಹುಡುಗರು ಊದುಬತ್ತಿ ಆರಿಸುತ್ತ ನಿಂತಿದ್ದರು. ಬರೀ ಊದುಬತ್ತಿಗೆ ಬಂದವರೇ ಇರಬಹುದು.

“ಹರಿಹರದ್ದು ನಾವು ಇಡಲ್ಲಮ್ಮ,” ಅಂದ ಮುರುಗೇಶಪ್ಪ, ಅವರಿಗೂ ಕೇಳುವಂತೆ. “ಇದೆಲ್ಲ ಸೊಲ್ಲಾಪುರದ್ದು. ಮೊದಲಿಂದಲೂ.”

ಕಸ್ತೂರಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ಏನೂ ಕೊಳ್ಳದೆ, ಗೋಡೆ ಹಿಡಿದು ಮೆಟ್ಟಿಲು ಇಳಿದಳು.

ಮಧ್ಯಾಹ್ನ ಅಂಗಡಿ ಮುಚ್ಚಿ ಹರಿಹರದ ಬಸ್ಸು ಹತ್ತಿದ. ಅರ್ಧ ಗಂಟೆಯ ದಾರಿಯಲ್ಲಿ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡ. ಇಳಿಯುವ ಹೊತ್ತಿಗೆ ಅವು ಭಾಷಣದಂತೆ ಕೇಳತೊಡಗಿದ್ದವು.

ಹುಜೈಫಾ ಹೊರಗಿನ ಕೋಣೆಯಲ್ಲಿ ಗಾದಿಗೆ ಹತ್ತಿ ತುಂಬುತ್ತಿದ್ದ. ಮೂವತ್ತೈದರ ಆಳು, ಹುಬ್ಬಿನ ಮೇಲೆಲ್ಲ ಹತ್ತಿಯ ನವಿರು. ದಾರಕ್ಕೆ ಹುರಿ ಹಾಕುವ ಗೂಟಗಳು ಗೋಡೆಯಲ್ಲಿ ಬರಿದಾಗಿದ್ದವು.

“ಬರ್ರಿ ಅಣ್ಣಾರೆ, ಕೂಡ್ರಿ,” ಎಂದು ಅವನು ಗಾದಿ ಸರಿಸಿ ಜಾಗ ಮಾಡಿದ. “ಅವ್ವಾ, ದಾವಣಗೆರೆ ಸಾವ್ಕಾರ್ರು ಬಂದಾರೆ. ಎರಡು ಚಾ ಇಡು.” ಆಮೇಲೆ ದನಿ ತಗ್ಗಿಸಿದ. “ನಿಮಗೇನೂ ತೊಂದ್ರೆ ಆಗಿಲ್ಲಲ್ರಿ?”

“ನನಗೆ?”

“ಅವರಾಗೊಬ್ಬ ಕೇಳ್ದ, ಯಾವ ಅಂಗಡಿಗೆ ಕೊಡ್ತೀಯ ಅಂತ. ಸಂತೇಲಿ ಮಾರ್ತೀನಿ ಅಂದೆ. ಸುಳ್ಳು ಹೇಳಬ್ಯಾಡ ಅಂತ ಎರಡು ಸಲ ಕೇಳ್ದ. ಎರಡು ಸಲಾನೂ ಸಂತೆ ಅಂದೆ. ಆ ವಿಡಿಯೋ ಮಾಡೋ ಹುಡುಗ, ‘ಬಿಡ್ರಲೆ, ಅದೆಲ್ಲ ಬ್ಯಾಡ’ ಅಂದ. ಅವನೊಬ್ಬ ಸ್ವಲ್ಪ ಒಳ್ಳೇನು ಕಂಡ.”

ಮುರುಗೇಶಪ್ಪ ಗಾದಿಯ ಹೊಲಿಗೆಯನ್ನು ಬೆರಳಿನಲ್ಲಿ ಒತ್ತುತ್ತ ಕೂತ.

“ಯಾರ್ನೂ ದಾರಿ ಕೇಳ್ಲಿಲ್ಲ ನೋಡ್ರಿ, ಸೀದಾ ಬಂದ್ರು. ಓಣಿಯವರೇ ಹೇಳಿರಬೇಕು ಅಂತ ಅವ್ವಂಗೆ ಅನುಮಾನ. ಪಕ್ಕದ ಮನೆಯವರ ಕೂಡ ಮಾತು ಬಿಟ್ಟಾಳೆ.” ಹುಜೈಫಾ ನಕ್ಕ. “ಭಾರಿ ಖುಷಿ ಆಗಿರೋನು ಅಂದ್ರೆ ನಮ್ಮ ಭಾವ. ಐದಾರು ವರ್ಷದಿಂದ ಒಂದೇ ರಾಗ. ಬೇರೆ ದೇವ್ರ ದಾರ ಹೊಸಿಯಾದು ಪಾಪ, ನಿನ್ನ ನಮಾಜು ನಡಿಯಾದಿಲ್ಲ, ಅಂತ. ಕಿತಾಬು ತಂದು ತೋರ್ಸೋನು. ವಿಡಿಯೋ ನೋಡಿ ಮಿಠಾಯಿ ಕಳಿಸ್ಯಾನೆ.”

“ನೀನು ಅವಂಗೆ ಏನು ಉತ್ತರ ಕೊಡ್ತಿದ್ದೆ?”

“ಏನು ಕೊಡಾದ್ರಿ? ಅವನು ಓದಿದೋನು. ಹೂಂ ಅಂತಿದ್ದೆ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಗೂಟದ ಮುಂದೆ ಕುಂದ್ರುತ್ತಿದ್ದೆ. ಅವನ ಮಾತು ಅವನಿಗೆ, ನನ್ನ ಕೆಲಸ ನನಗೆ.”

ಒಳಗೆ ಪಾತ್ರೆಯ ಸದ್ದಾಯಿತು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ಮುರುಗೇಶಪ್ಪನ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆಯೇ.

“ಸದ್ದಿಲ್ಲದಂಗೆ ಮಾಡಿಕೊಡು ಹುಜೈಫಾ. ನಾನು ತಗಂತೀನಿ. ಯಾರಿಗೂ ಗೊತ್ತಾಗಲ್ಲ.”

“ಇಷ್ಟು ದಿನ ಸದ್ದಿಲ್ಲದಂಗೇ ಇತ್ತಲ್ರಿ,” ಅಂದ ಹುಜೈಫಾ. ಗಾದಿಯ ಮೂಲೆಗೆ ಹತ್ತಿ ಒತ್ತಿದ. “ನಿಮ್ಮ ಅಂಗಡಿ ಹೆಸರು ಹೊರಗೆ ಬರಬಾರದು. ಅದೊಂದು ಉಳೀಲಿ. ನಮ್ಮಪ್ಪ ಇದ್ದಿದ್ರೂ ಅದನ್ನೇ ಮಾಡ್ತಿದ್ದ.”

ಇಲ್ಲಿಗೆ ಮಾತು ನಿಲ್ಲಿಸಿ ಎದ್ದು ಹೋಗಬಹುದಿತ್ತು. ಹೋದರೆ ಎಲ್ಲವೂ ಹೀಗೇ ಉಳಿಯುತ್ತಿತ್ತು: ಅಂಗಡಿ, ಹುಜೈಫಾನ ಮರ್ಯಾದೆಯ ಮಾತು, ಓಣಿಯವರ ಮೇಲಿನ ಅನುಮಾನ.

“ನಾನೇ ಹೇಳಿದ್ದು,” ಅಂದ ಮುರುಗೇಶಪ್ಪ.

“ಏನ್ರಿ?”

“ಓಣಿಯವರಲ್ಲ. ನಾನು. ಆ ವಿಡಿಯೋ ಮಾಡಿದೋನು ನಮ್ಮಕ್ಕನ ಮಗ. ಬಾಗಿಲು ಹಸಿರು ಐತೆ ಅಂತಾನೂ ಹೇಳಿದೆ.”

ಹುಜೈಫಾನ ಕೈ ಹತ್ತಿಯೊಳಗೇ ಇತ್ತು. ಅದನ್ನು ಹೊರಗೆ ತೆಗೆಯಲು ಅವನು ಬಹಳ ಹೊತ್ತು ತೆಗೆದುಕೊಂಡ.

“ಯಾಕ?”

“ವಾದ ನಡೀತಿತ್ತು. ಮುಸಲ್ಮಾನ್ರ ಹತ್ರ ಏನೂ ತಗಬಾರ್ದು ಅಂತಿದ್ದ. ನಿನ್ನ ಪರವಾಗೇ ಮಾತಾಡ್ತಿದ್ದೆ ನಾನು...” ಆ ಮಾತು ಬಾಯಿಂದ ಬಿದ್ದೊಡನೆ ಮುರುಗೇಶಪ್ಪನಿಗೆ ನಾಚಿಕೆಯಾಯಿತು. “ಅವನ ಬಾಯಿ ಮುಚ್ಚಿಸ್ಬೇಕಾಗಿತ್ತು.”

“ಮುಚ್ಚಿದ್ನೇನ್ರಿ?”

ವ್ಯಂಗ್ಯವೇನೋ ಎಂದು ಮುರುಗೇಶಪ್ಪ ತಲೆಯೆತ್ತಿದ. ಅಲ್ಲ. ಅವನಿಗೆ ನಿಜವಾಗಿ ಉತ್ತರ ಬೇಕಾಗಿತ್ತು.

“ಸ್ವಲ್ಪ ಹೊತ್ತು.”

ಹುಜೈಫಾ ತಲೆಯಾಡಿಸಿದ, ಅಳತೆಯೊಂದನ್ನು ಕೇಳಿಸಿಕೊಂಡವನಂತೆ. ಅಷ್ಟರಲ್ಲಿ ಅವನ ಅವ್ವ ತಟ್ಟೆಯಲ್ಲಿ ಎರಡು ಲೋಟ ಚಹಾ ತಂದಳು. ಹುಜೈಫಾ ಎದ್ದು ಒಂದು ಲೋಟ ತೆಗೆದು ಮುರುಗೇಶಪ್ಪನ ಮುಂದೆ ನೆಲದ ಮೇಲಿಟ್ಟ. ಇನ್ನೊಂದು ತಟ್ಟೆಯಲ್ಲೇ ಉಳಿಯಿತು.

“ನೀ ಕುಡಿಯಲ್ಲೇನೋ?” ಅವ್ವ ಕೇಳಿದಳು.

“ನನಗೆ ಬ್ಯಾಡ.” ಬಾಗಿಲ ಬಳಿ ನಿಂತು ಅವನು ಮೈಮೇಲಿನ ಹತ್ತಿ ಕೊಡವಿಕೊಂಡ. “ಪಕ್ಕದ ಮನೆಗೆ ಹೋಗಿ ಬಾ ಅವ್ವ. ಹೋಗಿ ಮಾತಾಡ್ಸು. ಅವರಲ್ಲ.”

“ಅವರಲ್ಲ ಅಂದ್ರೆ ಮತ್ತ್ಯಾರು?”

ಹುಜೈಫಾ ಹೊರಗೆ ಹೋದ. ಮುದುಕಿ ಅವನು ಹೋದ ಕಡೆ ನೋಡಿ, ತಿರುಗಿ ಮುರುಗೇಶಪ್ಪನ ಕಡೆ ನೋಡಿದಳು. ಅವನು ಲೋಟ ಎತ್ತಿಕೊಂಡ. ಚಹಾ ನಾಲಿಗೆ ಸುಡುತ್ತಿತ್ತು. ಆರಲಿ ಎಂದು ಕಾಯಲು ಅವನಿಗೆ ಧೈರ್ಯವಾಗಲಿಲ್ಲ. ಗುಟುಕು ಗುಟುಕಾಗಿ ಕುಡಿಯತೊಡಗಿದ.

“ಸಕ್ಕರೆ ಸಾಕೇನಪ್ಪ?” ಎಂದು ಅವಳು ಕೇಳಿದಳು, ತಟ್ಟೆ ಹಿಡಿದು ಅಲ್ಲೇ ನಿಂತು.

“ಸಾಕಮ್ಮ,” ಅಂದ.